ಹುಡುಗಿಯರ ಪಕ್ಕ ಕೂರುವುದು ಶಿಕ್ಷೆಯೇ?

ಮೇಷ್ಟ್ರೇ, ಮೇಡಂ, ನಾಲ್ಕು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ತರಲೆ ಮಾಡಿದ ಹುಡುಗನನ್ನು ಹುಡುಗಿಯರ ಸಾಲಿನಲ್ಲಿ ಕೂರಿಸಿ ಮಾನ ಕಳೆಯುತ್ತೀರಲ್ಲ, ಮೊದಲು ಅದನ್ನು ಬಿಡಿ. ಹುಡುಗಿಯರ ಪಕ್ಕ ಕೂರುವುದು ಅವಮಾನ ಅಂತ ಅವನು ಕಲಿತ. ನಾವೇ ಒಂದು ಶಿಕ್ಷೆ ಅಂತ ಆ ಹುಡುಗಿಯರು ಕಲಿತರು. ಪಾಠ ಮಾತ್ರ ಯಾರಿಗೂ ಹತ್ತಲಿಲ್ಲ.

ಇದೇ ಮಕ್ಕಳು ಮೂರನೇ ತರಗತಿವರೆಗೆ ನಲಿಕಲಿಯಲ್ಲಿ ಒಟ್ಟಿಗೆ ಸುತ್ತ ಕೂತು, ಒಂದೇ ಕಾರ್ಡು ನೋಡಿ ಕಲಿತವರು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಅದು. ನಾಲ್ಕಕ್ಕೆ ಬಂದ ಕೂಡಲೇ ಆ ಕಡೆ ಹುಡುಗರು, ಈ ಕಡೆ ಹುಡುಗಿಯರು ಎಂದು ಗೆರೆ ಎಳೆಯುವವರು ನೀವೇ ತಾನೆ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಗುಂಪಿನಲ್ಲಿ ಕಲಿಯುವ ರೂಢಿಯನ್ನು ಮುಂದೆಯೂ ಉಳಿಸಿ. ಹಾಗಂತ ಐದು ಹುಡುಗರ ನಡುವೆ ಒಬ್ಬಳನ್ನೇ ಹಾಕಬೇಡಿ, ಬಾಯಿ ಬಿಡುವುದಿಲ್ಲ. ಜೊತೆಗೆ ಇನ್ನೊಬ್ಬಳಾದರೂ ಇರಲಿ.

ಬೇರೆ ಬೇರೆ ಇಟ್ಟರೇ ಚೆನ್ನಾಗಿ ಓದುತ್ತಾರೆ ಎನ್ನುವವರಿದ್ದಾರೆ. ಅದೂ ಪೂರ್ತಿ ಸುಳ್ಳಲ್ಲ. ಟ್ರಿನಿಡಾಡ್ ಮತ್ತು ಟೊಬೇಗೊ ಸರ್ಕಾರ 2010ರಲ್ಲಿ ಹಿಂದುಳಿದ 20 ಹೈಸ್ಕೂಲುಗಳಲ್ಲಿ ಹಾಗೆ ಮಾಡಿದಾಗ ಹುಡುಗರು, ಹುಡುಗಿಯರು ಇಬ್ಬರ ಅಂಕವೂ ಏರಿತು. ಆದರೆ ನಮ್ಮ ಹಳ್ಳಿಗಳ ಪಾಲಿಗೆ ಇರುವುದೇ ಒಂದು ಹೈಸ್ಕೂಲು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಇರುವ ತರಗತಿಯನ್ನೇ ಸರಿಯಾಗಿ ನಡೆಸಿ.

ಪ್ರಯೋಗಾಲಯದಲ್ಲಿ ಒಮ್ಮೆ ಕಣ್ಣಾಡಿಸಿ. ಪ್ರನಾಳ ಹಿಡಿದು ಕಾಯಿಸುವವನು ಹುಡುಗ, ಪಕ್ಕದಲ್ಲಿ ನಿಂತು ದುಂಡಗೆ ಬರೆದುಕೊಳ್ಳುವವಳು ಹುಡುಗಿ. ವಾರಕ್ಕೊಮ್ಮೆ ಕೆಲಸ ಅದಲುಬದಲು ಮಾಡಿಸಿ. ಕಸ ಗುಡಿಸುವ ಪಾಳಿಯೂ ಅಷ್ಟೇ, ಪೊರಕೆ ಹುಡುಗರ ಕೈಗೂ ಬರಲಿ. ಪ್ರಶ್ನೆ ಕೇಳಿದ ಮೇಲೆ ಮೊದಲು ಕೂಗಿದವನಿಗೇ ಉತ್ತರ ಬಿಟ್ಟುಕೊಡಬೇಡಿ. ಸ್ವಲ್ಪ ತಡೆದು, ಸುಮ್ಮನಿರುವವರ ಹೆಸರು ಹಿಡಿದು ಕರೆಯಿರಿ.

ವರ್ಷ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಬಾಲಕಿಯರೇ ಮೇಲುಗೈ ಎಂದು ಪತ್ರಿಕೆಯಲ್ಲಿ ಬರುತ್ತದೆ. ಅದನ್ನು ತೋರಿಸಿ ಹುಡುಗರನ್ನು ಹಂಗಿಸಬೇಡಿ. ಓದುವುದೇ ಹೆಣ್ಣುಮಕ್ಕಳ ಕೆಲಸ ಅಂದುಕೊಂಡು ಪುಸ್ತಕ ಮುಚ್ಚಿಬಿಟ್ಟಾರು.

ಅಪ್ಪ ಅಮ್ಮಂದಿರೇ, ನಿಮಗೂ ಒಂದು ಮಾತು. ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ ಅಂತ ಗೋಡೆ ಮೇಲೆ ಬರೆಸಿದರೆ ಸಾಲದು. ಹುಡುಗಿಯರಿಗೆ ಬೇರೆ ಶೌಚಾಲಯ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಕಟ್ಟಿಸಿ ಬೀಗ ಜಡಿದಿಟ್ಟರೆ ಆ ಮಕ್ಕಳು ಬೆಳಿಗ್ಗೆಯಿಂದ ಸಂಜೆವರೆಗೆ ನೀರೇ ಕುಡಿಯದೆ ಕೂರುತ್ತಾರೆ. ಲೆಕ್ಕ ತಲೆಗೆ ಹೋಗುವುದು ಹೇಗೆ? ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿ, ತೆಗೆಸಿಯೇ ಮನೆಗೆ ಬನ್ನಿ.