ಬೀಗ ತೆರೆಯುವ ವಿದ್ಯೆ: ಸೈಬರ್ ಭದ್ರತೆ ಓದಲು ಹೊರಟ ಮಕ್ಕಳು, ತಂದೆ ತಾಯಂದಿರು ತಿಳಿಯಬೇಕಾದದ್ದು



ಕಳೆದ ವರ್ಷ ಸಿಇಟಿ ಫಲಿತಾಂಶ ಬಂದ ವಾರ ನಮ್ಮ ಸ್ವಸಹಾಯ ಸಂಘದ ಸದಸ್ಯೆಯೊಬ್ಬರು ಮಗಳನ್ನು ಕರೆದುಕೊಂಡು ಕಚೇರಿಗೆ ಬಂದರು. ಕೈಯಲ್ಲಿ ಬಣ್ಣದ ಬ್ರೋಷರ್. ಪಟ್ಟಣದ ಖಾಸಗಿ ಕಾಲೇಜೊಂದರಲ್ಲಿ ಸೈಬರ್ ಸೆಕ್ಯುರಿಟಿ ಅಂತ ಹೊಸ ವಿಭಾಗ ತೆರೆದಿದ್ದಾರೆ, ಮೂರು ದಿನದೊಳಗೆ ಮುಂಗಡ ಕಟ್ಟಿದರೆ ಮ್ಯಾನೇಜ್‌ಮೆಂಟ್ ಸೀಟು ಕೊಡ್ತಾರಂತೆ, ಸಂಘದಿಂದ ಸಾಲ ಸಿಗುತ್ತದಾ, ಉಳಿದದ್ದಕ್ಕೆ ಬಳೆ ಅಡವಿಡುತ್ತೇನೆ ಎಂದರು. ಮಗಳ ರ‍್ಯಾಂಕ್ ಕೇಳಿದೆವು. ಕೆಟ್ಟದಿರಲಿಲ್ಲ. ದೂರದ ಜಿಲ್ಲೆಯ ಕಾಲೇಜಿನಲ್ಲಿ ಸರ್ಕಾರಿ ಕೋಟಾದಡಿ ಸಾದಾ ಕಂಪ್ಯೂಟರ್ ಸೈನ್ಸ್ ಸೀಟು ಸಿಗುವ ಹಾಗಿತ್ತು. ಆದರೆ ಹುಡುಗಿಗೆ ಸೈಬರ್ ಎಂಬ ಹೆಸರೇ ಬೇಕು.

"ಅದರಲ್ಲಿ ಏನು ಕಲಿಸ್ತಾರಮ್ಮ?" ಎಂದು ಕೇಳಿದೆವು. "ಹ್ಯಾಕಿಂಗ್" ಎಂದಳು. ತಾಯಿ ಬೆಚ್ಚಿಬಿದ್ದರು. ಅದೇ ವರ್ಷ ಅವರ ಅಣ್ಣನ ಖಾತೆಯಿಂದ ಯಾರೋ ಫೋನಿನಲ್ಲೇ ಹಣ ಎಳೆದುಕೊಂಡಿದ್ದರು. "ಅದು ಕಳ್ಳರ ಕೆಲಸ ಅಲ್ವಾ? ಅದನ್ನು ಕಾಲೇಜಿನಲ್ಲಿ ಕಲಿಸ್ತಾರಾ?"

ನಿಜ ಹೇಳಬೇಕೆಂದರೆ ಅಂದು ನಮಗೂ ಸರಿಯಾದ ಉತ್ತರ ಗೊತ್ತಿರಲಿಲ್ಲ. ಎರಡು ದಿನ ಸಮಯ ಕೇಳಿದೆವು. ತಿಳಿದವರನ್ನು ವಿಚಾರಿಸಿ, ಓದಿ ಕಲಿತದ್ದನ್ನು ಈ ಪಾಠದಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇವೆ. ಈ ವರ್ಷವೂ ಇದೇ ಪ್ರಶ್ನೆ ಹಿಡಿದುಕೊಂಡು ಬರುವ ಮನೆಗಳಿವೆ.

ಬೀಗ ರಿಪೇರಿಯವನು ಕಳ್ಳನಲ್ಲ

ಸಂತೆಯಲ್ಲಿ ಬೀಗ ರಿಪೇರಿ ಮಾಡುವವನಿಗೆ ಕೀ ಇಲ್ಲದೆ ಬೀಗ ತೆರೆಯಲು ಬರುತ್ತದೆ. ಕಳ್ಳನಿಗೂ ಬರುತ್ತದೆ. ಒಬ್ಬನನ್ನು ಮನೆಯವರು ಕರೆಯುತ್ತಾರೆ, ಇನ್ನೊಬ್ಬ ಕರೆಯದೆ ಬರುತ್ತಾನೆ. ವ್ಯತ್ಯಾಸ ಅಷ್ಟೇ. ಬ್ಯಾಂಕು, ಆಸ್ಪತ್ರೆ, ವಿದ್ಯುತ್ ಕಂಪನಿ ಎಲ್ಲದರ ವ್ಯವಹಾರ ಕಂಪ್ಯೂಟರಿನಲ್ಲಿರುವಾಗ ಬೀಗ ಎಲ್ಲಿ ಸಡಿಲವಾಗಿದೆ ಎಂದು ಕಳ್ಳನಿಗಿಂತ ಮೊದಲು ನೋಡಿ ಹೇಳುವವರು ಬೇಕು. ಅವರನ್ನು ತಯಾರು ಮಾಡುವುದೇ ಈ ಓದು.

ಇದನ್ನು ಪುಸ್ತಕದಿಂದ ಮಾತ್ರ ಕಲಿಯಲು ಆಗುವುದಿಲ್ಲ, ಈಜು ಕಲಿತ ಹಾಗೆ. ಆದ್ದರಿಂದ ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ 'ಕ್ಯಾಪ್ಚರ್ ದ ಫ್ಲ್ಯಾಗ್' ಎಂಬ ಪಂದ್ಯ ಆಡಿಸುತ್ತಾರೆ. ಬಾವುಟ ಹಿಡಿಯುವ ಆಟ ಎನ್ನಬಹುದು. ಆಟಕ್ಕೆಂದೇ ಕಟ್ಟಿದ ಕಂಪ್ಯೂಟರಿನಲ್ಲೋ, ಒಂದು ಚಿತ್ರದೊಳಗೋ, ಒಂದು ವೆಬ್ ಪುಟದ ಹಿಂದೆಯೋ ಒಂದು ಗುಟ್ಟಿನ ಪದ ಅಡಗಿಸಿಟ್ಟಿರುತ್ತಾರೆ. ಅದನ್ನು ಹುಡುಕಿ ತಂದವರಿಗೆ ಅಂಕ. ಇನ್ನೊಂದು ಬಗೆಯಲ್ಲಿ ಪ್ರತಿ ತಂಡಕ್ಕೂ ಒಂದೊಂದು ಕಂಪ್ಯೂಟರ್ ಕೊಟ್ಟು, ನಿಮ್ಮದನ್ನು ಕಾಯಿರಿ, ಎದುರಿನವರದ್ದನ್ನು ಒಡೆಯಿರಿ ಎನ್ನುತ್ತಾರೆ.

ತೀರಾ ಸುಲಭದ ಒಗಟೊಂದನ್ನು ನಾವೂ ಒಂದು ಸಂಘದ ಸಭೆಯಲ್ಲಿ ಪ್ರಯತ್ನಿಸಿದೆವು. ಹಲಗೆಯ ಮೇಲೆ 'ಪಘಲ' ಎಂದು ಬರೆದೆವು. ಅರ್ಥವಿಲ್ಲದ ಪದ. ಆದರೆ ವರ್ಣಮಾಲೆಯಲ್ಲಿ ಪ್ರತಿ ಅಕ್ಷರಕ್ಕಿಂತ ಒಂದು ಹೆಜ್ಜೆ ಹಿಂದೆ ಹೋಗಿ ನೋಡಿ: ಪ ಹಿಂದೆ ನ, ಘ ಹಿಂದೆ ಗ, ಲ ಹಿಂದೆ ರ. ನಗರ! ನಾವು ವಿವರಿಸುವ ಮೊದಲೇ ತಾಯಿಯ ಜೊತೆ ಬಂದಿದ್ದ ಏಳನೇ ಕ್ಲಾಸಿನ ಹುಡುಗನೊಬ್ಬ ಹೇಳಿಬಿಟ್ಟ. ರೋಮಿನ ಜೂಲಿಯಸ್ ಸೀಸರ್ ತನ್ನ ಪತ್ರಗಳಲ್ಲಿ ಅಕ್ಷರಗಳನ್ನು ಮೂರು ಹೆಜ್ಜೆ ಸರಿಸಿ ಬರೆಯುತ್ತಿದ್ದನಂತೆ. ಇಂದಿನ ಗುಪ್ತಲಿಪಿ ಇದಕ್ಕಿಂತ ಸಾವಿರ ಪಾಲು ಗಟ್ಟಿ, ಆದರೆ ಕಲಿಕೆ ಶುರುವಾಗುವುದು ಇಲ್ಲಿಂದಲೇ.

ಪಿಟ್ಸ್‌ಬರ್ಗಿನ ಹುಡುಗರು, ಅಮೃತಪುರಿಯ ಹುಡುಗಿಯರು

ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 2009ರಲ್ಲಿ ಕೆಲವು ವಿದ್ಯಾರ್ಥಿಗಳು ಸೇರಿ ಇಂಥ ಪಂದ್ಯಗಳಿಗೆಂದು ಒಂದು ತಂಡ ಕಟ್ಟಿದರು. ಹೆಸರು 'ಪ್ಲೇಡ್ ಪಾರ್ಲಿಮೆಂಟ್ ಆಫ್ ಪೋನಿಂಗ್', ಚಿಕ್ಕದಾಗಿ ಪಿಪಿಪಿ. ಪ್ರತಿ ವರ್ಷ ಆಗಸ್ಟ್ ಸುಮಾರಿಗೆ ಲಾಸ್ ವೇಗಸ್‌ನಲ್ಲಿ ನಡೆಯುವ ಡೆಫ್‌ಕಾನ್ ಸಮ್ಮೇಳನದ ಪಂದ್ಯ ಈ ಕ್ಷೇತ್ರದ ವಿಶ್ವಕಪ್ ಇದ್ದ ಹಾಗೆ. ಅದನ್ನು ಈ ತಂಡ 2013, 2014, 2016, 2017 ಮತ್ತು 2019ರಲ್ಲಿ ಗೆದ್ದಿತು. ಆಮೇಲೆ ಬೇರೆ ಎರಡು ತಂಡಗಳ ಜೊತೆ ಕೂಡಿಕೊಂಡು 2022ರಿಂದ 2024ರವರೆಗೆ ಸತತ ಮೂರು ಸಲ ಗೆದ್ದಿತು. ಅಲ್ಲಿ ಎದುರಾಳಿಗಳು ಕಾಲೇಜು ಮಕ್ಕಳು ಮಾತ್ರ ಅಲ್ಲ, ಸಂಬಳಕ್ಕೆ ಇದೇ ಕೆಲಸ ಮಾಡುವ ನುರಿತವರೂ ಇರುತ್ತಾರೆ.

ಗೆದ್ದದ್ದಕ್ಕಿಂತ ನಮಗೆ ಹೆಚ್ಚು ಹಿಡಿಸಿದ್ದು ಅವರು ಮಾಡಿದ ಇನ್ನೊಂದು ಕೆಲಸ. 2013ರಲ್ಲಿ ಅಲ್ಲಿನ ಅಧ್ಯಾಪಕ ಡೇವಿಡ್ ಬ್ರಮ್ಲಿ ಮತ್ತು ಈ ವಿದ್ಯಾರ್ಥಿಗಳು ಸೇರಿ ಶಾಲಾ ಮಕ್ಕಳಿಗಾಗಿ 'ಪಿಕೊಸಿಟಿಎಫ್' ಎಂಬ ಪಂದ್ಯ ಶುರು ಮಾಡಿದರು. ಒಗಟುಗಳನ್ನು ಹೆಣೆದವರು ವಿದ್ಯಾರ್ಥಿಗಳೇ. ಪ್ರಶ್ನೆಪತ್ರಿಕೆ ತಯಾರಿಸಿದ ಮೇಸ್ಟ್ರಿಗೆ ಪಾಠ ಇನ್ನೂ ಚೆನ್ನಾಗಿ ಬರುತ್ತದಲ್ಲ, ಹಾಗೆ. ಇದು ಪೂರ್ತಿ ಉಚಿತ. 13 ವರ್ಷ ತುಂಬಿದ ಯಾರು ಬೇಕಾದರೂ, ಯಾವ ದೇಶದಿಂದಲಾದರೂ ಆಡಬಹುದು. ವರ್ಷಕ್ಕೊಮ್ಮೆ ಪಂದ್ಯ, ಉಳಿದ ದಿನ ಅಭ್ಯಾಸಕ್ಕೆ 'ಪಿಕೊಜಿಮ್'. ಬೇಕಾದ ಸಾಧನಗಳು ಬ್ರೌಸರಿನಲ್ಲೇ ತೆರೆದುಕೊಳ್ಳುವುದರಿಂದ ದುಬಾರಿ ಕಂಪ್ಯೂಟರ್ ಬೇಕಿಲ್ಲ. ಭಾಷೆ ಇಂಗ್ಲಿಷ್. ನಮ್ಮ ಮಕ್ಕಳಿಗೆ ಅಡ್ಡಿ ಎಂದರೆ ಅದೊಂದೇ, ಆದರೆ ಸಣ್ಣ ಅಡ್ಡಿಯೇನಲ್ಲ.

ಬ್ರಮ್ಲಿಯವರು ತಮ್ಮ ಇಬ್ಬರು ವಿದ್ಯಾರ್ಥಿಗಳ ಜೊತೆ ಒಂದು ಕಂಪನಿಯನ್ನೂ ಕಟ್ಟಿದರು. ಮನುಷ್ಯರ ಸಹಾಯವಿಲ್ಲದೆ ಯಂತ್ರವೇ ತಪ್ಪು ಹುಡುಕಿ ತಾನೇ ತೇಪೆ ಹಾಕಬೇಕು ಎಂದು ಅಮೆರಿಕ ಸರ್ಕಾರದ ರಕ್ಷಣಾ ಸಂಶೋಧನಾ ಸಂಸ್ಥೆ 'ಡಾರ್ಪಾ' 2016ರಲ್ಲಿ ಏರ್ಪಡಿಸಿದ್ದ ಸ್ಪರ್ಧೆಯಲ್ಲಿ ಅವರ 'ಮೇಹೆಮ್' ಎಂಬ ಯಂತ್ರಕ್ಕೆ ಮೊದಲ ಬಹುಮಾನ 20 ಲಕ್ಷ ಡಾಲರ್ ಬಂತು. ಮೂರನೇ ಸ್ಥಾನ ಪಡೆದದ್ದೂ ವಿಶ್ವವಿದ್ಯಾಲಯದ್ದೇ ತಂಡ, ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದ 'ಶೆಲ್‌ಫಿಶ್'.

"ಅದು ಅಮೆರಿಕಾ, ನಮಗ್ಯಾಕೆ?" ಎಂದು ನೀವು ಕೇಳಬಹುದು. ಸಭೆಯಲ್ಲೂ ಕೇಳಿದರು. ಹಾಗಾದರೆ ಪಕ್ಕದ ಕೇರಳಕ್ಕೆ ಬನ್ನಿ. ಕೊಲ್ಲಂ ಜಿಲ್ಲೆಯ ಅಮೃತಪುರಿಯಲ್ಲಿರುವ ಅಮೃತ ವಿಶ್ವವಿದ್ಯಾಪೀಠದ ವಿದ್ಯಾರ್ಥಿಗಳ 'ಬಯೋಸ್' ತಂಡ ಭಾರತದ ಮುಂಚೂಣಿಯ ತಂಡಗಳಲ್ಲೊಂದು. 2010ರಿಂದ ಅವರು 'ಇನ್‌ಸಿಟಿಎಫ್' ಎಂಬ ಪಂದ್ಯವನ್ನು ಬೇರೆ ಕಾಲೇಜುಗಳ ಮಕ್ಕಳಿಗಾಗಿ ನಡೆಸಿಕೊಂಡು ಬಂದರು. ಆ ವಿಶ್ವವಿದ್ಯಾಲಯದಲ್ಲಿ ಹುಡುಗಿಯರದ್ದೇ 'ಶಕ್ತಿ' ಎಂಬ ತಂಡವೂ ಇದೆ. ಈ ಮಾತನ್ನು ಆ ತಾಯಿಗೆ ಹೇಳಿದಾಗ ಅವರು ಮೊದಲ ಬಾರಿಗೆ ಮಗಳ ಮುಖ ನೋಡಿ ನಕ್ಕರು.

ಇನ್ನೊಂದು ಸಂಗತಿ ಹೇಳದೆ ಬಿಡಲಾಗದು. ಬ್ಯಾಂಕಿನ ಗುಪ್ತಲಿಪಿಗಳಲ್ಲಿ ದೊಡ್ಡ ದೊಡ್ಡ ಅವಿಭಾಜ್ಯ ಸಂಖ್ಯೆಗಳ ಬಳಕೆಯಿದೆ. 7, 11, 13 ಇದ್ದ ಹಾಗೆ, ಆದರೆ ನೂರಾರು ಅಂಕಿಗಳಷ್ಟು ಉದ್ದ. ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ಖಚಿತವಾಗಿ, ಅಂಕಿ ಉದ್ದವಾದರೂ ಯುಗ ಹಿಡಿಯದ ಹಾಗೆ ಹೇಳುವ ವಿಧಾನವಿದೆಯೇ ಎಂಬುದು ಹಳೆಯ ಪ್ರಶ್ನೆ. 2002ರ ಆಗಸ್ಟಿನಲ್ಲಿ ಕಾನ್ಪುರ ಐಐಟಿಯ ಕಂಪ್ಯೂಟರ್ ಸೈನ್ಸ್ ವಿಭಾಗದ ಪ್ರೊಫೆಸರ್ ಮಣೀಂದ್ರ ಅಗರ್‌ವಾಲ್ ಅವರು ನೀರಜ್ ಕಯಾಲ್, ನಿತಿನ್ ಸಕ್ಸೇನಾ ಎಂಬ ಇಬ್ಬರು ವಿದ್ಯಾರ್ಥಿಗಳ ಜೊತೆ 'ಇದೆ' ಎಂದು ತೋರಿಸಿಕೊಟ್ಟರು. ಹುಡುಗರಿಬ್ಬರೂ ಆಗಷ್ಟೇ ಬಿ.ಟೆಕ್ ಮುಗಿಸಿದ್ದರು! 2006ರಲ್ಲಿ ಮೂವರಿಗೂ ಗೋಡೆಲ್ ಪ್ರಶಸ್ತಿ ಬಂತು. ದಿನನಿತ್ಯದ ಬಳಕೆಯಲ್ಲಿ ಇದಕ್ಕಿಂತ ವೇಗದ ಬೇರೆ ವಿಧಾನಗಳಿವೆ, ಆದರೆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ. ಕಯಾಲ್ ಅವರು ಮುಂದೆ ನಮ್ಮ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರ ಸೇರಿದರು.

ಆ ವಿಭಾಗದ ಬಾಗಿಲಿನ ಮೇಲೆ 'ಸೈಬರ್' ಎಂದು ಬರೆದಿರಲಿಲ್ಲ. ಪಿಪಿಪಿ ತಂಡದವರೂ ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮುಂತಾದ ವಿಭಾಗಗಳಿಂದ ಬಂದವರು.

ಮುಂಗಡ ಕಟ್ಟುವ ಮೊದಲು

ಇದನ್ನೇ ಆ ಹುಡುಗಿಗೂ ಹೇಳಿದೆವು. ಹೆಸರು ಯಾವುದಾದರೂ ಮೊದಲ ಎರಡು ವರ್ಷ ಬಹುತೇಕ ಅದೇ ಗಣಿತ, ಅದೇ ಸಿ ಭಾಷೆ, ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಮ್, ನೆಟ್‌ವರ್ಕ್. ಅಡಿಪಾಯ ಗಟ್ಟಿಯಾದರೆ ಮೇಲೆ ಯಾವ ಕೋಣೆ ಬೇಕಾದರೂ ಕಟ್ಟಬಹುದು. ಹೊಸ ವಿಭಾಗಗಳೆಲ್ಲ ಸುಳ್ಳು ಎಂದು ನಾವು ಹೇಳುತ್ತಿಲ್ಲ. ಚೆನ್ನಾಗಿ ನಡೆಸುವವರೂ ಇದ್ದಾರೆ. ಆದರೆ ಹೋಗಿ ನೋಡದೆ ಹಣ ಕಟ್ಟಬೇಡಿ.

ಹೋದಾಗ ಕಟ್ಟಡ ನೋಡಬೇಡಿ, ಮೂರನೇ ವರ್ಷದ ಒಬ್ಬ ವಿದ್ಯಾರ್ಥಿಯನ್ನು ಕ್ಯಾಂಟೀನಿನಲ್ಲಿ ಹಿಡಿದು ಮಾತಾಡಿಸಿ. ಲ್ಯಾಬ್ ಸಂಜೆ ತೆರೆದಿರುತ್ತದಾ? ಮಕ್ಕಳದ್ದೇ ಕ್ಲಬ್ ಇದೆಯಾ, ಕಳೆದ ವರ್ಷ ಯಾವ ಪಂದ್ಯ ಆಡಿದರು, ಸೋತರೂ ಪರವಾಗಿಲ್ಲ, ಆಡಿದರಾ? ಈ ವಿಷಯಕ್ಕೆಂದೇ ಕಾಯಂ ಅಧ್ಯಾಪಕರು ಎಷ್ಟು ಜನ? ಬ್ರೋಷರಿನಲ್ಲಿ 'ಅತಿ ಹೆಚ್ಚು ಸಂಬಳ' ಎಂದು ದೊಡ್ಡದಾಗಿ ಹಾಕಿರುತ್ತಾರೆ. ಅದು ಒಬ್ಬರಿಗೆ ಸಿಕ್ಕಿದ್ದು. ಸಾಲಿನ ನಡುವೆ ನಿಂತವನಿಗೆ ಎಷ್ಟು ಸಿಕ್ಕಿತು, ಸೇರಿದ ನೂರರಲ್ಲಿ ಎಷ್ಟು ಜನರಿಗೆ ಕೆಲಸವಾಯಿತು ಎಂದು ಕೇಳಿ. ಉತ್ತರ ಹೇಳಲು ಒದ್ದಾಡಿದರೆ ನಿಮಗೆ ಉತ್ತರ ಸಿಕ್ಕಿದ ಹಾಗೆಯೇ.

ಸಣ್ಣ ಕಾಲೇಜಿನಲ್ಲಿ ಓದುವವರಿಗೂ ಬಾಗಿಲುಗಳಿವೆ. ಐಐಟಿ ಪ್ರೊಫೆಸರುಗಳ ಎನ್‌ಪಿಟಿಇಎಲ್ ಪಾಠಗಳನ್ನು ಮನೆಯಲ್ಲೇ ಉಚಿತವಾಗಿ ನೋಡಬಹುದು, ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಕಟ್ಟಬೇಕು. 2017ರಲ್ಲಿ ಆರಂಭವಾದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನಲ್ಲಿ ಸರ್ಕಾರಿ ಇಲಾಖೆಗಳೇ ಸಮಸ್ಯೆ ಕೊಡುತ್ತವೆ. ಗೂಗಲ್‌ನ 'ಸಮ್ಮರ್ ಆಫ್ ಕೋಡ್' 2005ರಿಂದ ನಡೆಯುತ್ತಿದೆ, ಎಲ್ಲರಿಗೂ ಮುಕ್ತವಾದ ತಂತ್ರಾಂಶಗಳಿಗೆ ಕೆಲಸ ಮಾಡಿದ ಹೊಸಬರಿಗೆ ಅದರಲ್ಲಿ ಭತ್ಯೆ ಸಿಗುತ್ತದೆ. ಮುಂದೆ ಗೇಟ್ ಪರೀಕ್ಷೆ ಬರೆದು ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನವಿದೆ.

ಒಂದು ಎಚ್ಚರಿಕೆಯ ಮಾತು

ನಮಗೆ ಪರಿಚಯದ ಒಬ್ಬ ಹುಡುಗ, ಒಳ್ಳೆಯವನೇ, ತನ್ನ ಕಾಲೇಜಿನ ಫಲಿತಾಂಶದ ತಾಣದಲ್ಲಿ ಯಾರ ಅಂಕಪಟ್ಟಿ ಬೇಕಾದರೂ ನೋಡಬಹುದಾದ ತಪ್ಪು ಕಂಡುಹಿಡಿದ. ಹೇಳಬೇಕಾದವರಿಗೆ ಹೇಳುವ ಬದಲು ಹತ್ತು ಜನರ ಅಂಕ ತೆಗೆದು ಗೆಳೆಯರಿಗೆ ತೋರಿಸಿದ. ಪೊಲೀಸ್ ಠಾಣೆ ಒಂದು ತಪ್ಪಿತು, ಉಳಿದದ್ದೆಲ್ಲ ಆಯಿತು. ತಂದೆ ಬಂದು ಕೈಮುಗಿದು ಕ್ಷಮಾಪಣೆ ಪತ್ರ ಬರೆದುಕೊಟ್ಟರು. ಒಂದು ಸೆಮಿಸ್ಟರ್ ಹೋಯಿತು. ತಾಣದ ತಪ್ಪು ಕಾಲೇಜಿನದ್ದೇ, ಆದರೆ ಅದನ್ನು ಯಾರೂ ಮಾತಾಡಲಿಲ್ಲ. ಇದು ನಮಗೆ ಇಂದಿಗೂ ಬೇಸರದ ವಿಷಯ.

ಒಡೆಯನ ಅನುಮತಿ ಇಲ್ಲದೆ ಕೆಟ್ಟ ಉದ್ದೇಶದಿಂದ ಇನ್ನೊಬ್ಬರ ಕಂಪ್ಯೂಟರಿನೊಳಗೆ ನುಗ್ಗಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಅಥವಾ ಎರಡೂ ಆಗಬಹುದು. 'ನೋಡೋಣ ಅಂತ ಮಾಡಿದೆ' ಎಂಬ ಮಾತನ್ನು ಠಾಣೆಯಲ್ಲಿ ನಂಬಿಸುವುದು ಕಷ್ಟ. ಕಣ್ಣಿಗೆ ಬಿದ್ದ ತಪ್ಪನ್ನು ವರದಿ ಮಾಡಲು ಕೇಂದ್ರ ಸರ್ಕಾರದ 'ಸರ್ಟ್-ಇನ್' ಸಂಸ್ಥೆ 2004ರಿಂದ ಇದೆ. ಕೈ ಪಳಗಿಸಲು ಆಟಕ್ಕೆಂದೇ ಕಟ್ಟಿದ ಬೀಗಗಳು ಸಾವಿರಾರಿವೆ. ನೆರೆಮನೆಯ ಬೀಗ ಬೇಡ.

ಹಣದ ವಿಷಯ

ಬಳೆ ಕೊನೆಗೆ ಇರಲಿ, ಮೊದಲು ಇವನ್ನು ನೋಡಿ. ಸಿಇಟಿಯಲ್ಲಿ ಎಸ್‌ಎನ್‌ಕ್ಯೂ ಎಂಬ ಹೆಚ್ಚುವರಿ ಶೇ. 5 ಸೀಟುಗಳಿವೆ, ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ ಇರುವವರಿಗೆ ಬೋಧನಾ ಶುಲ್ಕ ಇರುವುದಿಲ್ಲ. ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ 'ಪ್ರಗತಿ' ವಿದ್ಯಾರ್ಥಿವೇತನ ಹುಡುಗಿಯರಿಗೆ ಮಾತ್ರ, ವರ್ಷಕ್ಕೆ 50,000 ರೂಪಾಯಿ, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ. ಡಿಪ್ಲೊಮಾದವರಿಗೂ ಉಂಟು. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ಮತ್ತು ದೇವರಾಜ ಅರಸು ನಿಗಮದ 'ಅರಿವು' ಸಾಲ ಸಿಇಟಿ ಮೂಲಕ ಸೀಟು ಪಡೆದವರಿಗೆ. ಬ್ಯಾಂಕಿನ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ. ಕೇಳಿದರೆ ನಮ್ಮ ಕಾರ್ಯಕರ್ತರನ್ನು ಜೊತೆಗೆ ಕರೆದುಕೊಂಡು ಹೋಗಿ. ಆದಾಯ ಮತ್ತು ಜಾತಿ ಪ್ರಮಾಣಪತ್ರ, ಆಧಾರ್ ಜೋಡಿಸಿದ ಮಗುವಿನ ಹೆಸರಿನ ಖಾತೆ, ಇವು ಫಲಿತಾಂಶಕ್ಕೆ ಮೊದಲೇ ಕೈಯಲ್ಲಿರಲಿ. ನಾಡಕಚೇರಿಯಲ್ಲಿ ಜೂನ್ ತಿಂಗಳ ಸಾಲು ಎಷ್ಟು ಉದ್ದ ಎಂದು ನಿಮಗೇ ಗೊತ್ತು.

ಆ ತಾಯಿ ಮಗಳು ಮೂರನೇ ದಿನ ಮತ್ತೆ ಬಂದರು. ಅಷ್ಟರಲ್ಲಿ ಕಾಲೇಜು ನೋಡಿ ಬಂದಿದ್ದರು. ಲ್ಯಾಬಿಗೆ ಬೀಗ ಹಾಕಿತ್ತಂತೆ, ಕೀ ಯಾರ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲವಂತೆ. ಹುಡುಗಿ ದೂರದ ಜಿಲ್ಲೆಯ ಸರ್ಕಾರಿ ಕೋಟಾ ಸೀಟಿಗೇ ಒಪ್ಪಿದಳು, ಸ್ವಲ್ಪ ಅತ್ತುಕೊಂಡೇ. ಈಗ ಎರಡನೇ ಸೆಮಿಸ್ಟರ್. ಗಣಿತ ಕಷ್ಟ, ಹಾಸ್ಟೆಲ್ ಸಾಂಬಾರು ಇನ್ನೂ ಕಷ್ಟ ಎನ್ನುತ್ತಾಳೆ. ಪ್ರಗತಿ ಅರ್ಜಿ ಹಾಕಿದ್ದಾಳೆ, ಹಣ ಇನ್ನೂ ಬಂದಿಲ್ಲ. ರಾತ್ರಿ ನಾಲ್ಕು ಜನ ಗೆಳತಿಯರು ಕೂತು ಪಿಕೊಜಿಮ್ ಒಗಟು ಬಿಡಿಸುತ್ತಾರಂತೆ. ಈ ಪುಟಕ್ಕೆಂದು ನಮ್ಮ ಮಕ್ಕಳಿಗೆ ಒಂದು ಒಗಟು ಬರೆದು ಕಳಿಸಿದ್ದಾಳೆ:

ಗುನುವೆ

ಸ್ವರದ ಗುರುತುಗಳು ಹಾಗೆಯೇ ಇವೆ, ವ್ಯಂಜನ ಮಾತ್ರ ಸರಿದಿವೆ. ಎಷ್ಟು ಹೆಜ್ಜೆ ಎಂದು ಆಕೆ ಹೇಳಿಲ್ಲ. ಉತ್ತರವನ್ನು ಮುಂದಿನ ಸಂಘದ ಸಭೆಗೆ ತನ್ನಿ.