ನಾಳಿನ ಗ್ರಂಥಾಲಯ

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ಒಂದನ್ನೊಂದು ಹೊಂದಿಕೊಂಡಿರುವ ತಾಲ್ಲೂಕುಗಳು. ಒಂದೆಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದೆಡೆ ಮಲೆ ಮಹದೇಶ್ವರ ಬೆಟ್ಟ; ನಡುವೆ ರೇಷ್ಮೆಗೆ ಹೆಸರಾದ ಕೊಳ್ಳೇಗಾಲ ಪಟ್ಟಣ. ಈ ಸೀಮೆಗೆ ವಿದ್ಯೆ ಹೊಸದಲ್ಲ. ಮೈಸೂರಿನ ದೊರೆ ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ ಯಳಂದೂರಿನವಳು. ಎಲೆಯಡಿಕೆಯ ಸಂಚಿಯನ್ನು ಹಿಡಿದು ಸೇವೆ ಮಾಡುತ್ತಿದ್ದ ಆಕೆ ‘ಹದಿಬದೆಯ ಧರ್ಮ’ವೆಂಬ ಸಾಂಗತ್ಯ ಕಾವ್ಯವನ್ನು ರಚಿಸಿ ಕನ್ನಡ ಸಾಹಿತ್ಯದಲ್ಲಿ ಚಿರಸ್ಥಾಯಿಯಾದಳು. ಕನ್ನಡಕ್ಕೆ ಅಚ್ಚಿನ ಯಂತ್ರವೇ ಬಾರದಿದ್ದ ಕಾಲದ ಆ ಕಾವ್ಯ ಇಂದು ನಮ್ಮ ಕೈ ಸೇರಿರುವುದು ಹೇಗೆ? ಯಾರೋ ಅದನ್ನು ಪ್ರತಿ ಮಾಡಿದರು. ಯಾರೋ ಆ ಪ್ರತಿಯನ್ನು ಹುಳುವಿನಿಂದಲೂ ಬೆಂಕಿಯಿಂದಲೂ ಮಳೆಯಿಂದಲೂ ಕಾಪಾಡಿದರು. ವಿದ್ಯೆಗೆ ಬರೆಯುವವರು ಎಷ್ಟು ಅಗತ್ಯವೋ ಕಾಯುವವರೂ ಅಷ್ಟೇ ಅಗತ್ಯ. ಈ ಕಾಯುವ ಕಾರ್ಯದಿಂದಲೇ ಗ್ರಂಥಾಲಯಗಳು ಹುಟ್ಟಿದವು.

ಆದರೆ ಕಾಯ್ದಿಟ್ಟ ಮಾತ್ರಕ್ಕೆ ಗ್ರಂಥಾಲಯದ ಕೆಲಸ ಮುಗಿಯುವುದಿಲ್ಲ. ಮೈಸೂರಿನಲ್ಲಿ 1891ರಲ್ಲಿ ಸ್ಥಾಪಿತವಾದ ಓರಿಯಂಟಲ್ ಲೈಬ್ರರಿಗೆ 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಓಲೆಗರಿಯ ಕಟ್ಟೊಂದನ್ನು ತಂದೊಪ್ಪಿಸಿದರು. ಅಲ್ಲಿ ಗ್ರಂಥಪಾಲರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿದರು. ಅದು ಕಣ್ಮರೆಯಾಗಿದ್ದ ಕೌಟಿಲ್ಯನ ಅರ್ಥಶಾಸ್ತ್ರವಾಗಿತ್ತು! 1909ರಲ್ಲಿ ಅವರು ಅದನ್ನು ಅಚ್ಚು ಮಾಡಿಸಿದಾಗ ಭಾರತದ ಪ್ರಾಚೀನ ಇತಿಹಾಸವನ್ನು ಕಾಣುವ ದೃಷ್ಟಿಯೇ ಬದಲಾಯಿತು. ಆ ಕಟ್ಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರೆ ಅದು ಇದ್ದೂ ಇಲ್ಲದಂತೆಯೇ ಆಗುತ್ತಿತ್ತಲ್ಲವೆ?

ಪುಸ್ತಕವಿರುವುದು ಬಳಕೆಗಾಗಿ ಎಂಬ ಈ ತತ್ತ್ವವನ್ನು ಶಾಸ್ತ್ರವಾಗಿ ನಿರೂಪಿಸಿದವರು ಎಸ್. ಆರ್. ರಂಗನಾಥನ್. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದ ಅವರು 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಪ್ರತಿಯೊಬ್ಬ ಓದುಗನಿಗೂ ಅವನಿಗೆ ಬೇಕಾದ ಪುಸ್ತಕ ದೊರೆಯಬೇಕು, ಓದುಗನ ಕಾಲ ಉಳಿಯಬೇಕು, ಗ್ರಂಥಾಲಯವು ಜೀವಿಯಂತೆ ಸದಾ ಬೆಳೆಯುತ್ತಿರಬೇಕು ಎಂಬುದು ಅವುಗಳ ಸಾರ. ಅವರ ಪರಿಶ್ರಮದ ಫಲವಾಗಿ 1948ರಲ್ಲಿ ಮದರಾಸು ಪ್ರಾಂತದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಅಂಗೀಕಾರವಾಯಿತು. ಕೊಳ್ಳೇಗಾಲವು ಆಗ ಕೊಯಮತ್ತೂರು ಜಿಲ್ಲೆಯ ಭಾಗವಾಗಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. ನಮ್ಮ ರಾಜ್ಯದಲ್ಲಿ ಇಂತಹ ಕಾಯಿದೆ ಆದುದು 1965ರಲ್ಲಿ. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲಿಯೇ ನಿಧನರಾದರು.

ಇಂದು ಗ್ರಂಥಾಲಯದ ಸ್ವರೂಪವೇ ಬದಲಾಗುತ್ತಿದೆ. ಅಕ್ಷರವನ್ನೂ ಚಿತ್ರವನ್ನೂ ಧ್ವನಿಯನ್ನೂ ಅಂಕಿಗಳಾಗಿ ಮಾರ್ಪಡಿಸಿ ಗಣಕಯಂತ್ರದಲ್ಲಿ ಸಂಗ್ರಹಿಸುವುದನ್ನು ಡಿಜಿಟಲೀಕರಣ ಎನ್ನುತ್ತೇವೆ. ಹೀಗೆ ಸಂಗ್ರಹಿಸಿದ ಒಂದು ಪುಸ್ತಕವನ್ನು ಏಕಕಾಲದಲ್ಲಿ ಸಾವಿರ ಮಂದಿ ಓದಬಹುದು. ಹಿಂದೆ ಕೊಳ್ಳೇಗಾಲದ ಕಾಲೇಜು ವಿದ್ಯಾರ್ಥಿಗೆ ಒಂದು ಸಂಶೋಧನಾ ಪತ್ರಿಕೆ ಬೇಕಾದರೆ ಅವನು ಬಸ್ಸು ಹತ್ತಿ ಸುಮಾರು 60 ಕಿಲೋಮೀಟರ್ ದೂರದ ಮೈಸೂರಿಗೆ ಹೋಗಬೇಕಾಗುತ್ತಿತ್ತು. 2010ರಲ್ಲಿ ಆರಂಭವಾದ ‘ಎನ್-ಲಿಸ್ಟ್’ ಯೋಜನೆಯು ಸಣ್ಣ ಊರುಗಳ ಕಾಲೇಜುಗಳಿಗೂ ಅಂತರಜಾಲದ ಮೂಲಕ ಪುಸ್ತಕ, ಪತ್ರಿಕೆಗಳನ್ನು ಒದಗಿಸತೊಡಗಿತು. ಕೇಂದ್ರ ಸಚಿವ ಸಂಪುಟವು 2024ರ ನವೆಂಬರಿನಲ್ಲಿ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ನೀಡಿ, ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳನ್ನು ಮೀಸಲಿಟ್ಟಿತು. ದೇಶದ 6,300ಕ್ಕೂ ಹೆಚ್ಚು ಸರ್ಕಾರಿ ವಿದ್ಯಾಸಂಸ್ಥೆ ಮತ್ತು ಸಂಶೋಧನಾ ಸಂಸ್ಥೆಗಳಿಗೆ ಸುಮಾರು 13,000 ಪತ್ರಿಕೆಗಳನ್ನು ಒದಗಿಸುವುದು ಅದರ ಉದ್ದೇಶ. ದೊಡ್ಡ ನಗರದ ವಿದ್ಯಾರ್ಥಿಗೆ ಮಾತ್ರ ತೆರೆದಿದ್ದ ಬಾಗಿಲು ಹಳ್ಳಿಯ ವಿದ್ಯಾರ್ಥಿಗೂ ತೆರೆಯುವುದು ಸಾಮಾನ್ಯವಾದ ಸಂಗತಿಯಲ್ಲ.

ಹಾಗಾದರೆ ಕಾಲೇಜುಗಳಲ್ಲಿ ಗ್ರಂಥಾಲಯದ ಕಟ್ಟಡವೇಕೆ, ಗ್ರಂಥಪಾಲರೇಕೆ ಎಂದು ಕೆಲವರು ಕೇಳುತ್ತಾರೆ. ಎಲ್ಲವೂ ಅಂಗೈಯ ಮೊಬೈಲಿನಲ್ಲೇ ಇದೆಯೆಂಬುದು ಅವರ ವಾದ. ಈ ವಾದವನ್ನು ಒಪ್ಪುವ ಮೊದಲು ಮೂರು ಅಂಶಗಳನ್ನು ಆಲೋಚಿಸಬೇಕು.

ಮೊದಲನೆಯದು, ತಲಪುವ ಪ್ರಶ್ನೆ. ಹನೂರು ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ ಮೊಬೈಲ್ ಸಂಪರ್ಕ ಎಲ್ಲೆಡೆಯೂ ಒಂದೇ ಸಮನಾಗಿ ದೊರೆಯುವುದಿಲ್ಲ. 2020ರಲ್ಲಿ ಕೊರೊನಾ ಪಿಡುಗಿನಿಂದ ಶಾಲಾ ಕಾಲೇಜುಗಳು ಮುಚ್ಚಿದಾಗ, ಮನೆಯಲ್ಲಿ ಒಳ್ಳೆಯ ಮೊಬೈಲ್ ಇದ್ದ ಮಕ್ಕಳು ಪಾಠ ಕೇಳಿದರು. ಇಲ್ಲದವರು ಹಿಂದೆ ಉಳಿದರು. ಬಡ ವಿದ್ಯಾರ್ಥಿಗೆ ಗಣಕಯಂತ್ರ, ವಿದ್ಯುತ್ತು, ಸದ್ದಿಲ್ಲದೆ ಕುಳಿತು ಓದುವ ಮೇಜು ಇವೆಲ್ಲವೂ ಒಂದೆಡೆ ಉಚಿತವಾಗಿ ದೊರೆಯುವ ಸ್ಥಳವೆಂದರೆ ಗ್ರಂಥಾಲಯವೇ.

ಎರಡನೆಯದು, ಉಳಿಯುವ ಪ್ರಶ್ನೆ. ಈ ಶತಮಾನದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ರೂಪುಗೊಂಡಿತು. ಅನೇಕ ಹಳೆಯ ಕನ್ನಡ ಪುಸ್ತಕಗಳ ಪ್ರತಿ ಪುಟದ ಚಿತ್ರ ತೆಗೆದು ಅದರಲ್ಲಿ ಇರಿಸಲಾಗಿತ್ತು. ಮುಂದೆ ಆ ಜಾಲತಾಣವೇ ಓದುಗರಿಗೆ ಮುಚ್ಚಿಹೋಯಿತು. ಅಮೆರಿಕದ ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯ ಸಂಗ್ರಹದಲ್ಲಿ ಅದರ ಲಕ್ಷಾಂತರ ಪುಸ್ತಕಗಳ ಪ್ರತಿಗಳು ಸೇರಿದ್ದುದರಿಂದ ಅವು ಇಂದಿಗೂ ಓದಲು ಸಿಗುತ್ತಿವೆ. ಓಲೆಗರಿಗೆ ಹುಳುವಿನ ಭಯವಿದ್ದರೆ, ಡಿಜಿಟಲ್ ಪುಸ್ತಕಕ್ಕೆ ಯಂತ್ರ ಕೆಡುವ, ತಾಣ ಮುಚ್ಚುವ, ಚಂದಾ ನಿಲ್ಲುವ ಭಯವಿದೆ. ಆದುದರಿಂದ ಎರಡಕ್ಕೂ ಕಾವಲುಗಾರ ಬೇಕು.

ಮೂರನೆಯದು, ಇಲ್ಲದಿರುವುದರ ಪ್ರಶ್ನೆ. ಯಾರಾದರೂ ಶ್ರಮವಹಿಸಿ ಸೇರಿಸಿದ್ದು ಮಾತ್ರ ಅಂತರಜಾಲದಲ್ಲಿ ಇರುತ್ತದೆ. ಮಾದೇಶ್ವರನ ಕಥೆಯನ್ನು ಕಂಸಾಳೆಯವರು, ಮಂಟೇಸ್ವಾಮಿಯ ಕಥೆಯನ್ನು ನೀಲಗಾರರು ತಲೆಮಾರುಗಳಿಂದ ರಾತ್ರಿಯಿಡೀ ಹಾಡುತ್ತ ಬಂದಿದ್ದಾರೆ. ಈ ಮಹಾಕಾವ್ಯಗಳು ಇದ್ದುದು ಅವರ ನಾಲಗೆಯ ಮೇಲೆ. ವಿದ್ವಾಂಸರಾದ ಪಿ. ಕೆ. ರಾಜಶೇಖರ ಅವರು ಗಾಯಕರಿಂದ ಕೇಳಿ ಸಂಗ್ರಹಿಸಿದ ಮಾದೇಶ್ವರ ಕಾವ್ಯ 1973ರಲ್ಲಿ ಪುಸ್ತಕವಾಯಿತು. ಆದರೂ ಪ್ರತಿ ಗಾಯಕನ ಕಥೆಯಲ್ಲಿ ಬೇರೆಯದೇ ಆದ ಒಂದು ಸೊಗಸಿರುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಗಿಡಮೂಲಿಕೆ, ಜೇನು, ಕಾಡಿನ ಋತುಗಳನ್ನು ಕುರಿತು ಬಲ್ಲ ವಿಷಯಗಳೂ ಹೀಗೆಯೇ. ಒಬ್ಬ ಹಿರಿಯರು ತೀರಿಕೊಂಡರೆ ಅವರೊಡನೆ ಒಂದು ಗ್ರಂಥಭಂಡಾರವೇ ಮಣ್ಣಾಗುತ್ತದೆ. ದೂರದ ಪ್ರಕಾಶಕರಿಂದ ಕೊಂಡ ಸಾವಿರಾರು ಪತ್ರಿಕೆಗಳು ಈ ನಷ್ಟವನ್ನು ತುಂಬಲಾರವು.

ಹೀಗಾಗಿ ನಾಳಿನ ಕಾಲೇಜು ಗ್ರಂಥಾಲಯಕ್ಕೆ ಹೊಣೆ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಅದು ಹೊರಗಿನ ಜ್ಞಾನವನ್ನು ವಿದ್ಯಾರ್ಥಿಗೆ ತಂದುಕೊಡಬೇಕು; ಊರಿನ ಜ್ಞಾನವನ್ನು ಧ್ವನಿಯಾಗಿ, ಚಿತ್ರವಾಗಿ, ಬರಹವಾಗಿ ದಾಖಲಿಸಿ, ಹೇಳಿದವರ ಒಪ್ಪಿಗೆಯನ್ನು ಪಡೆದು, ಹೊರಗಿನವರಿಗೂ ಕಾಣಿಸಬೇಕು. ಕೊಳ್ಳೇಗಾಲದ ನೇಕಾರನ ಮಗ್ಗದಲ್ಲಿ ಹಾಸು ಹೊಕ್ಕು ಎರಡೂ ಕೂಡಿದಾಗಲಷ್ಟೇ ರೇಷ್ಮೆಯ ಸೀರೆಯಾಗುತ್ತದೆ. ಗ್ರಂಥಾಲಯಕ್ಕೂ ಈ ಮಾತು ಸಲ್ಲುತ್ತದೆ. ಒಂದು ಪದವನ್ನು ಹುಡುಕಿದರೆ ಯಂತ್ರವು ಕ್ಷಣಾರ್ಧದಲ್ಲಿ ಸಾವಿರ ಉತ್ತರಗಳನ್ನು ಮುಂದೊಡ್ಡುತ್ತದೆ. ಅವುಗಳಲ್ಲಿ ಯಾವುದು ನಿಜ, ಯಾವುದು ಹುಸಿ, ಯಾವುದನ್ನು ಯಾರು ಯಾವ ಆಧಾರದಿಂದ ಹೇಳಿದ್ದಾರೆ ಎಂದು ಪರೀಕ್ಷಿಸುವುದನ್ನು ಕಲಿಸುವವರು ಬೇಕು. ಶಾಮಶಾಸ್ತ್ರಿಗಳಂತೆ ಕಟ್ಟನ್ನು ಬಿಚ್ಚಿ ಓದಿ ಗುರುತಿಸಬಲ್ಲ ಗ್ರಂಥಪಾಲರು ಈ ಕಾಲಕ್ಕೂ ಅವಶ್ಯಕ.

ವಿದ್ಯಾರ್ಥಿಗಳೇ, ಕೆಲವೇ ವರ್ಷಗಳಲ್ಲಿ ನೀವು ಕಾಲೇಜಿನ ಮೆಟ್ಟಿಲನ್ನು ಹತ್ತುವಿರಿ. ಅಲ್ಲಿನ ಗ್ರಂಥಾಲಯದಿಂದ ನೀವು ಪಡೆಯುವುದು ಬಹಳವಿದೆ. ಅದಕ್ಕೆ ನೀವು ಕೊಡಬಹುದಾದುದೂ ಇದೆ. ನಿಮ್ಮ ಅಜ್ಜಿ ಹೇಳುವ ಕಥೆಯನ್ನೋ ಹಾಡುವ ಪದವನ್ನೋ ಇಂದೇ ಒಂದು ಪುಸ್ತಕದಲ್ಲಿ ಬರೆದಿಡಿ. ಯಾರು, ಯಾವ ಊರಿನಲ್ಲಿ, ಎಂದು ಹೇಳಿದರೆಂಬುದನ್ನು ಅದರ ಕೆಳಗೆ ಗುರುತು ಮಾಡಿ. ನಾಳಿನ ಗ್ರಂಥಾಲಯಕ್ಕೆ ಅದು ನಿಮ್ಮ ಕಾಣಿಕೆಯಾಗಲಿ.