ಕುರುಹು ಮತ್ತು ಅರಿವು

ಹೆಣ್ಣು ಗಂಡೆಂಬ ಭೇದವನ್ನು ಕುರಿತು ಜೇಡರ ದಾಸಿಮಯ್ಯನವರೂ ಗೊಗ್ಗವ್ವೆಯೂ ಬಹುಮಟ್ಟಿಗೆ ಒಂದೇ ಮಾತನ್ನು ಆಡಿದ್ದಾರೆ. ಮೈಮೇಲಣ ಕುರುಹುಗಳನ್ನು ನೋಡಿ ಲೋಕವು ಹೆಸರಿಡುತ್ತದೆ. ಒಳಗಣ ಚೇತನಕ್ಕೆ ಆ ಹೆಸರು ಅಂಟುವುದಿಲ್ಲವೆಂಬುದು ಅದರ ತಾತ್ಪರ್ಯ. ಇದು ಆತ್ಮವನ್ನು ಕುರಿತ ಮಾತೇ ಹೊರತು ವೈದ್ಯಶಾಸ್ತ್ರವನ್ನು ಕುರಿತದ್ದಲ್ಲ. ಆದರೂ, ಹುಟ್ಟಿದಾಗ ಗಂಡೆಂದೋ ಹೆಣ್ಣೆಂದೋ ಕರೆಯಿಸಿಕೊಂಡು, ಅಂತರಂಗದಲ್ಲಿ ತಾವು ಹಾಗಲ್ಲವೆಂದು ಅರಿತವರ ವಿಷಯದಲ್ಲಿ ಚರ್ಚೆಯೆದ್ದಿರುವ ಈ ಕಾಲದಲ್ಲಿ ಅದನ್ನು ಮನನ ಮಾಡುವುದು ಉಚಿತವಾಗಿದೆ.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ಆತ್ಮಕ್ಕೆ ಹೆಣ್ಣು ಗಂಡೆಂಬುದಿಲ್ಲವಾದರೆ, ದೇಹವನ್ನು ಮಾರ್ಪಡಿಸಲು ಹಾರ್ಮೋನುಗಳೇಕೆ? ಇದ್ದ ದೇಹದಲ್ಲಿಯೇ ಇರಬಾರದೇಕೆ? ಹೀಗೆ ಕೇಳುವವರೂ ತಮಗೆ ಮಧುಮೇಹ ಬಂದಾಗ ಇನ್ಸುಲಿನ್ ಚುಚ್ಚಿಸಿಕೊಳ್ಳದೆ ಬಿಡುವುದಿಲ್ಲ. ಇನ್ಸುಲಿನ್ ಕೂಡ ಒಂದು ಹಾರ್ಮೋನೇ. ಬಸವಣ್ಣನವರು ಕಾಯವನ್ನು ಗುಡಿಯಾಗಿ ಕಂಡವರು. ಕಾಯವಿಲ್ಲದೆ ಕಾಯಕವೂ ಇಲ್ಲ. ದಾಸಿಮಯ್ಯನವರ ನುಡಿಯು ಹೊರಗೆ ನಿಂತು ಹೆಸರಿಡುವವರಿಗೆ ಎಚ್ಚರಿಕೆಯೇ ಹೊರತು, ಒಳಗೆ ನೋಯುವವರ ಬಾಯಿ ಮುಚ್ಚಿಸುವ ಅಸ್ತ್ರವಲ್ಲ.

ಲೋಕದ ತಿಳಿವಳಿಕೆಯೂ ಈ ದಿಕ್ಕಿನಲ್ಲಿ ಮುಂದುವರಿದಿದೆ. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ತನ್ನ ಲಿಂಗವನ್ನು ತಾನೇ ನಿರ್ಧರಿಸಿಕೊಳ್ಳುವ ಹಕ್ಕು ವ್ಯಕ್ತಿಗೆ ಉಂಟೆಂದು ತೀರ್ಪಿತ್ತಿತು. ಕರ್ನಾಟಕ ಸರ್ಕಾರವು 2017ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ನೀತಿಯೊಂದನ್ನು ರೂಪಿಸಿತು. 2019ರ ಕೇಂದ್ರ ಶಾಸನವು ಹಾರ್ಮೋನು ಚಿಕಿತ್ಸೆಯ ವ್ಯವಸ್ಥೆಯನ್ನು ಸರ್ಕಾರದ ಹೊಣೆಯನ್ನಾಗಿ ಮಾಡಿತು. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣವು ಈ ಸ್ಥಿತಿಯನ್ನು ಮನೋರೋಗಗಳ ಪಟ್ಟಿಯಿಂದ ತೆಗೆದು, ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸೇರಿಸಿತು.

ಆದರೆ ಹಕ್ಕು ದೊರೆತ ಮಾತ್ರಕ್ಕೆ ಆರೈಕೆ ದೊರೆತಂತಾಗದು. ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ಔಷಧದ ಅಂಗಡಿಗಳಿಗೆ ಕೊರತೆಯಿಲ್ಲ. ಮನೆಯವರಿಗೆ ಹೇಳಲು ಅಂಜಿ, ವೈದ್ಯರೆದುರು ನಾಚಿ, ಗರ್ಭನಿರೋಧಕ ಗುಳಿಗೆಗಳನ್ನು ಗುಟ್ಟಾಗಿ ಕೊಂಡು ನುಂಗುವವರು ಎಲ್ಲೆಡೆಯೂ ಉಂಟು. ಇದು ಅಪಾಯಕರ. ಆ ಗುಳಿಗೆಗಳಲ್ಲಿನ ಈಸ್ಟ್ರೊಜೆನ್ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿಸಬಹುದು. ಧೂಮಪಾನ ಮಾಡುವವರಲ್ಲಿ ಭಯವು ಇನ್ನೂ ಹೆಚ್ಚು. ಟೆಸ್ಟೊಸ್ಟಿರೋನ್ ಮಿತಿಮೀರಿದರೆ ರಕ್ತವು ಗಟ್ಟಿಯಾಗುತ್ತದೆ. ಅದರಿಂದ ಒಡೆದ ಧ್ವನಿಯು ಔಷಧ ನಿಲ್ಲಿಸಿದರೂ ಮೊದಲಿನಂತಾಗುವುದಿಲ್ಲ. ಸಂತಾನಶಕ್ತಿಯೂ ಕುಂದಬಹುದು. ಆದುದರಿಂದ ನಿರ್ನಾಳಗ್ರಂಥಿ ತಜ್ಞರು ಮೊದಲು ರಕ್ತವನ್ನು ಪರೀಕ್ಷಿಸಿ, ಫಲವನ್ನೂ ಅಪಾಯವನ್ನೂ ತಿಳಿಸಿ, ಒಪ್ಪಿಗೆ ಪಡೆದು ಔಷಧ ಕೊಡುವರು. ಮೊದಲ ವರ್ಷ ಸುಮಾರು 3 ತಿಂಗಳಿಗೊಮ್ಮೆ ಮತ್ತೆ ಪರೀಕ್ಷಿಸುವರು. ಮನಸ್ಸು ಕುಗ್ಗಿದವರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಂತಹ ಸಂಸ್ಥೆಯಲ್ಲಿ ಮನೋವೈದ್ಯರ ನೆರವುಂಟು. ಎಳೆಯರ ಚಿಕಿತ್ಸೆಯ ವಿಷಯದಲ್ಲಿ ವೈದ್ಯರಲ್ಲಿಯೇ ವಾದವಿರುವುದರಿಂದ ಅಲ್ಲಿ ಹೆಚ್ಚಿನ ತಾಳ್ಮೆ ಬೇಕು.

ಗುಟ್ಟಿನ ಗುಳಿಗೆಗೆ ಮೂಲಕಾರಣ ಅಂಗಡಿಯಲ್ಲ, ಮನೆಯವರ ಭಯ. ಮಗುವು ಮೊದಲ ಸಲ ತನ್ನ ನೋವನ್ನು ಹೇಳಿಕೊಂಡಾಗ ತಂದೆತಾಯಿಗಳು ಗದರಿದರೆ, ಎರಡನೆಯ ಸಲ ಅದು ಹೇಳದು. ತಾನೇ ದಾರಿ ಹುಡುಕುವುದು. ಕುರುಹನ್ನು ನೋಡಿ ತೀರ್ಪು ಕೊಡುವುದು ಸುಲಭ; ಕುಳ್ಳಿರಿಸಿಕೊಂಡು ಕೇಳುವುದು ಕಷ್ಟ. ಆ ಕಷ್ಟವನ್ನು ಕೈಕೊಂಡು, ಮಗನನ್ನೋ ಮಗಳನ್ನೋ ತಾವೇ ಜೊತೆಗೂಡಿ ವೈದ್ಯರ ಬಳಿಗೆ ಕರೆದೊಯ್ಯುವ ಮನೆಯಲ್ಲಿ ಶರಣರ ಮಾತು ನಡೆಯಾಗಿ ಉಳಿದಿದೆಯೆಂದು ತಿಳಿಯಬೇಕು.